ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೊಳ್ಳುವ ಮೊದಲು ಅದರ ಧ್ವನಿಯ ಗುಣವನ್ನು ತಿಳಿಯುವುದು ಹೇಗೆ?

ಮಡಿಕೇರಿಮಳೆ:

ಎಲ್ಲರಿಗೂ ನಮಸ್ಕಾರ. ನಮ್ಮ ಕಡೆಯ ಹಿರಿಯರು ಹಾಡಿದ ಹಳೆಯ ಹಾಡುಗಳ ಧ್ವನಿಮುದ್ರಣಗಳನ್ನು ಕೇಳಿ, ಸಾಲು ಸಾಲಾಗಿ ಬರೆದಿಡುವ ಕೆಲಸ ಮಾಡುತ್ತಿದ್ದೇನೆ. ನಾಲ್ವರು ದುಡಿ ಬಾರಿಸುತ್ತಾ ಹಾಡುವ ಹಾಡುಗಳು. ಇಬ್ಬರು ಒಂದು ಸಾಲು ಹೇಳುತ್ತಾರೆ, ಉಳಿದ ಇಬ್ಬರು ಅದನ್ನೇ ಎತ್ತಿಕೊಳ್ಳುತ್ತಾರೆ. ಮೊದಲ ಜೋಡಿಯ ಮಾತು ಸ್ಪಷ್ಟವಾಗದಿದ್ದರೆ ಎರಡನೆಯ ಜೋಡಿಯಿಂದ ಹಿಡಿಯಬೇಕು. ಅವರ ಬಾಯಿಂದ ಬಂದದ್ದು ‘ಸ’ ಕಾರವೋ ‘ಶ’ ಕಾರವೋ ಎಂಬುದರ ಮೇಲೆ ಒಮ್ಮೊಮ್ಮೆ ಇಡೀ ಸಾಲಿನ ಅರ್ಥ ನಿಂತಿರುತ್ತದೆ.

ಮನೆಯ ಮಾಡಿಗೆ ತಗಡಿನ ಶೀಟು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯ ಸದ್ದಿನಲ್ಲಿ ಪಕ್ಕದವರ ಮಾತೇ ಕೇಳಿಸುವುದಿಲ್ಲ. ಇನ್ನುಳಿದ ಕೆಲಸ ಮೈಸೂರಿಗೆ ಹೋಗಿಬರುವ ಬಸ್ಸಿನಲ್ಲಿ. ಹಾಗಾಗಿ ಕಿವಿಯನ್ನು ಪೂರ್ತಿ ಮುಚ್ಚುವ, ಸದ್ದು ಅಡಗಿಸುವ ವೈರ್‌ಲೆಸ್ ಹೆಡ್‌ಫೋನ್ ಬೇಕು. 25,000 ರೂಪಾಯಿಯವರೆಗೆ ಕೊಡಬಲ್ಲೆ.

ನನಗೆ ಬೇಕಾದದ್ದು ಮಾದರಿಗಳ ಹೆಸರಲ್ಲ. ವಿಮರ್ಶೆಗಳನ್ನು ಓದಿದರೆ ಎಷ್ಟು ಸದ್ದು ಅಡಗುತ್ತದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಎಂಬುದೇ ತುಂಬಿರುತ್ತದೆ. ಧ್ವನಿಯ ಬಗ್ಗೆ ಎರಡು ಸಾಲು, ಅದೂ ‘ಬಾಸ್ ಚೆನ್ನಾಗಿದೆ’ ಎಂಬಂಥದ್ದು. ಅಂಗಡಿಯಲ್ಲಿ ಸಿಗುವ ಸ್ವಲ್ಪ ಹೊತ್ತಿನಲ್ಲಿ ಧ್ವನಿಯನ್ನು ಹೇಗೆ ಪರೀಕ್ಷಿಸಬೇಕು, ದಯವಿಟ್ಟು ತಿಳಿದವರು ಹೇಳಿ.

ಗೋಣಿಕೊಪ್ಪ_ಸೌಂಡ್:

ಮೇಡಂ, ಒಳ್ಳೆಯ ಪ್ರಶ್ನೆ. ಸಭೆ ಸಮಾರಂಭಗಳಿಗೆ ಧ್ವನಿವರ್ಧಕ ಹಾಕುವುದು ನನ್ನ ಕಸುಬು. ನಾನು ಮೊದಲು ಹೇಳುವುದು ಒಂದೇ: ಎರಡು ಹೆಡ್‌ಫೋನ್‌ಗಳನ್ನು ಹೋಲಿಸುವಾಗ ವಾಲ್ಯೂಮನ್ನು ಸಮ ಮಾಡಿಕೊಳ್ಳಿ. ಇದನ್ನು ಬಿಟ್ಟರೆ ಉಳಿದ ಪರೀಕ್ಷೆಗಳೆಲ್ಲ ವ್ಯರ್ಥ.

ನಮ್ಮ ಕಿವಿ ಮೆಲುದನಿಯಲ್ಲಿ ಕೆಳಸ್ವರಗಳನ್ನು ಸರಿಯಾಗಿ ಹಿಡಿಯುವುದಿಲ್ಲ. ಧ್ವನಿ ಏರಿದಂತೆ ಬಾಸ್ ತುಂಬಿಕೊಂಡಂತೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್ಸನ್ ಎಂಬ ಇಬ್ಬರು ಇದನ್ನು 1933ರಲ್ಲೇ ಅಳೆದು ತೋರಿಸಿದ್ದಾರೆ. ಒಂದು ಹೆಡ್‌ಫೋನ್ ಇನ್ನೊಂದಕ್ಕಿಂತ ಒಂದೇ ಒಂದು ಡೆಸಿಬಲ್ ಜೋರಾಗಿದ್ದರೂ ಸಾಕು, ‘ಇದು ಜೋರಾಗಿದೆ’ ಎಂದು ನಮಗೆ ಅನ್ನಿಸುವುದಿಲ್ಲ, ‘ಇದು ಚೆನ್ನಾಗಿದೆ’ ಎಂದು ಅನ್ನಿಸುತ್ತದೆ. ಅಂಗಡಿಯಲ್ಲಿ ಗೆಲ್ಲುವುದು ಹೆಚ್ಚಾಗಿ ಜೋರಾದದ್ದೇ. ಒಬ್ಬರೇ ಮಾತಾಡುವ ಅಥವಾ ಹಾಡುವ ತುಣುಕು ಹಾಕಿ, ಎರಡರಲ್ಲೂ ಆ ದನಿ ಒಂದೇ ದೂರದಿಂದ ಬಂದಂತೆ ಕೇಳಿಸುವವರೆಗೆ ವಾಲ್ಯೂಮ್ ತಿದ್ದಿಕೊಳ್ಳಿ. ಆಮೇಲೆ ಹೋಲಿಕೆ ಶುರುಮಾಡಿ. ತುಣುಕು ಇಪ್ಪತ್ತು ಸೆಕೆಂಡಿಗಿಂತ ಉದ್ದವಿರುವುದು ಬೇಡ. ಧ್ವನಿಯ ನೆನಪು ಬಹಳ ಬೇಗ ಅಳಿಸಿಹೋಗುತ್ತದೆ, ಇಡೀ ಹಾಡು ಕೇಳಿ ಮುಗಿಸುವಷ್ಟರಲ್ಲಿ ಮೊದಲನೆಯದು ಹೇಗಿತ್ತು ಎಂಬುದೇ ಮರೆತಿರುತ್ತದೆ.

ಎರಡನೆಯ ಮಾತು. ನಾಯ್ಸ್ ಕ್ಯಾನ್ಸಲಿಂಗ್ ಹಾಕಿದಾಗ ಒಂದು ಧ್ವನಿ, ತೆಗೆದಾಗ ಇನ್ನೊಂದು, ವೈರ್ ಚುಚ್ಚಿ ಪವರ್ ಆರಿಸಿದಾಗ ಮತ್ತೊಂದು. ಒಂದೇ ಹೆಡ್‌ಫೋನ್ ಮೂರು ರೀತಿ ಕೇಳಿಸುತ್ತದೆ. ನೀವು ಯಾವ ರೀತಿಯಲ್ಲಿ ಬಳಸುತ್ತೀರೋ ಅದರಲ್ಲೇ ಪರೀಕ್ಷಿಸಿ. ಕನ್ನಡಕ ಹಾಕುವವರಾದರೆ ಹಾಕಿಕೊಂಡೇ ಕೇಳಿ. ಕನ್ನಡಕದ ಕಡ್ಡಿ ಕುಶನ್ನಿನ ಕೆಳಗೆ ಸಂದು ಬಿಡಿಸಿದರೆ ಬಾಸ್ ಸೋರಿಹೋಗುತ್ತದೆ, ಹೊರಗಿನ ಸದ್ದೂ ಅದೇ ಸಂದಿನಿಂದ ಒಳಗೆ ಬರುತ್ತದೆ.

ಕುಶಾಲನಗರ_ಲೆಕ್ಚರರ್:

ಮೇಲಿನವರು ಹೇಳಿದ ‘ಮೂರು ಧ್ವನಿ’ ಯಾಕೆ ಬರುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅದು ಗೊತ್ತಾದರೆ ಅಂಗಡಿಯಲ್ಲಿ ಏನು ಕೇಳಬೇಕೆಂಬುದು ತಾನಾಗಿಯೇ ತಿಳಿಯುತ್ತದೆ.

ತತ್ವ ಹಳೆಯದು. ಒಂದು ಅಲೆಗೆ ಅದರ ತದ್ವಿರುದ್ಧ ಅಲೆಯನ್ನು ಸೇರಿಸಿ ಇಲ್ಲವಾಗಿಸುವ ಉಪಾಯಕ್ಕೆ ಪಾಲ್ ಲ್ಯೂಗ್ ಎಂಬ ಜರ್ಮನ್ನರಿಗೆ 1936ರಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಹೆಡ್‌ಫೋನಿಗೆ ಅದನ್ನು ಇಳಿಸಿದವರಲ್ಲಿ ಮುಖ್ಯರು ಅಮರ್ ಬೋಸ್. 1978ರಲ್ಲಿ ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನಲ್ಲಿ ಎಂಜಿನ್ ಸದ್ದೇ ತುಂಬಿದ್ದನ್ನು ಕಂಡು ಅಲ್ಲೇ ಲೆಕ್ಕ ಹಾಕತೊಡಗಿದರು. ಅವರ ಸಂಸ್ಥೆಯ ಪೈಲಟ್ ಹೆಡ್‌ಸೆಟ್ ಮಾರುಕಟ್ಟೆಗೆ ಬಂದದ್ದು 1989ರಲ್ಲಿ.

ಈಗ ನಿಮ್ಮ ಮೈಸೂರು ಬಸ್ಸನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರಿನ ಡೀಸೆಲ್ ಎಂಜಿನ್ ನಿಮಿಷಕ್ಕೆ 1500 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 75 ಸಲ ಇಂಧನ ಉರಿಯುತ್ತದೆ. ಅಂದರೆ ಸೀಟು ನಡುಗಿಸುವ ಆ ಗುಂಯ್‌ಗುಡುವಿಕೆ ಸುಮಾರು 75 ಹರ್ಟ್ಜ್. ಅದರ ಒಂದು ಅಲೆ ಮುಗಿಯಲು 13 ಮಿಲಿಸೆಕೆಂಡ್ ಬೇಕು. ಹೆಡ್‌ಫೋನಿನ ಚಿಪ್ ಎದುರಲೆ ತಯಾರಿಸುವಾಗ ಮಿಲಿಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಇಲ್ಲಿ ಏನೂ ಕೆಡುವುದಿಲ್ಲ. ಅದೇ 5000 ಹರ್ಟ್ಜ್ ಸದ್ದಿನಲ್ಲಿ ಅಷ್ಟೇ ತಡವಾದರೆ ಅಲೆ ಅರ್ಧ ಸುತ್ತು ದಾಟಿರುತ್ತದೆ, ಕಳೆಯಬೇಕಾದದ್ದು ಕೂಡಿಕೊಳ್ಳುತ್ತದೆ. ಆದ್ದರಿಂದ ಸದ್ದಡಗಿಸುವ ಸರ್ಕ್ಯೂಟ್ ಮುಖ್ಯವಾಗಿ ಕೆಲಸ ಮಾಡುವುದು ಸುಮಾರು ಒಂದು ಕಿಲೋಹರ್ಟ್ಜ್‌ಗಿಂತ ಕೆಳಗೆ. ಅದಕ್ಕಿಂತ ಮೇಲಿನದನ್ನು ತಡೆಯುವುದು ಬರೀ ಕುಶನ್ ಮತ್ತು ಕಿವಿಯನ್ನು ಮುಚ್ಚುವ ಕಪ್.

ತಗಡಿನ ಮೇಲಿನ ಮಳೆ ಕೆಳಗಿನಿಂದ ಮೇಲಿನವರೆಗೆ ಎಲ್ಲ ಆವರ್ತನಗಳಲ್ಲೂ ಹರಡಿಕೊಂಡ ಸದ್ದು. ಅದರ ಮೊರೆತ ಹೋಗುತ್ತದೆ, ಚಟಪಟ ಉಳಿಯುತ್ತದೆ. ಬಸ್ಸಿನಲ್ಲಿ ಅದ್ಭುತವೆನಿಸಿದ ಹೆಡ್‌ಫೋನ್ ನಿಮ್ಮ ಮನೆಯಲ್ಲಿ ಸಾಧಾರಣವೆನಿಸಿದರೆ ಅದು ಹಾಳಾಗಿದೆ ಎಂದಲ್ಲ. ಅಂಗಡಿಯಲ್ಲಿ ಪವರ್ ಆರಿಸಿ, ಕಿವಿಗೆ ಹಾಕಿಕೊಂಡು, ಯಾರಾದರೂ ಪ್ಲಾಸ್ಟಿಕ್ ಚೀಲವನ್ನು ಮುದುಡುವಂತೆ ಹೇಳಿ. ಆ ಚರಪರ ಎಷ್ಟು ತಗ್ಗುತ್ತದೋ ಮಳೆಯ ಚಟಪಟವೂ ಹೆಚ್ಚುಕಡಿಮೆ ಅಷ್ಟೇ ತಗ್ಗುತ್ತದೆ.

ಇನ್ನು ಧ್ವನಿ ಬದಲಾಗುವ ಕಾರಣ. ಕಪ್ಪಿನ ಒಳಗಡೆಯೂ ಒಂದು ಮೈಕ್ ಇರುತ್ತದೆ. ಅದಕ್ಕೆ ಎಂಜಿನ್ ಸದ್ದೂ ಕೇಳಿಸುತ್ತದೆ, ನೀವು ಹಾಕಿದ ಹಾಡಿನ ಬಾಸೂ ಕೇಳಿಸುತ್ತದೆ. ಎರಡನ್ನೂ ಅಡಗಿಸಲು ಹೊರಡುತ್ತದೆ. ಹಾಗೆ ಕಳೆದುಹೋಗುವ ಬಾಸನ್ನು ತಯಾರಕರು ಮೊದಲೇ ಲೆಕ್ಕಹಾಕಿ ಹಾಡಿಗೆ ಸೇರಿಸಿ ಕೊಡುತ್ತಾರೆ. ಈ ಲೆಕ್ಕ ನಿಖರವಾಗಿದ್ದರೆ ಬಟನ್ ಒತ್ತಿದಾಗ ಗದ್ದಲ ಮಾತ್ರ ಹೋಗಿ ಹಾಡು ಹಾಗೆಯೇ ನಿಲ್ಲುತ್ತದೆ. ನಿಖರವಾಗಿಲ್ಲದಿದ್ದರೆ ದನಿ ಉಬ್ಬುತ್ತದೆ ಅಥವಾ ಸಪ್ಪೆಯಾಗುತ್ತದೆ. ನನ್ನ ಮಟ್ಟಿಗೆ ಹೆಡ್‌ಫೋನಿನ ಎಂಜಿನಿಯರಿಂಗ್ ಗಟ್ಟಿಯಾಗಿದೆಯೇ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ: ಹಾಡು ನಡೆಯುತ್ತಿರುವಾಗ ಆ ಬಟನ್ ಒತ್ತಿ, ಬಿಡಿ, ಒತ್ತಿ.

ಸಿದ್ದಾಪುರ_ಬೆಂಗಳೂರಲ್ಲಿ:

ಕೋಡೆಕ್, ಅಂದರೆ ಹಾಡನ್ನು ಕುಗ್ಗಿಸಿ ಕಳಿಸುವ ವಿಧಾನ, ಅದರ ಬಗ್ಗೆ ಯಾರೂ ಹೇಳಿಲ್ಲ. ಬ್ಲೂಟೂತ್‌ನಲ್ಲಿ ಹಾಡು ಸಂಕುಚಿತವಾಗಿಯೇ ಹೋಗುತ್ತದೆ. ಸಿ.ಡಿ.ಯ ದರ ಸೆಕೆಂಡಿಗೆ 1411 ಕಿಲೋಬಿಟ್. ಎಲ್ಲ ಸಾಧನಗಳಲ್ಲೂ ಇರುವ ಎಸ್‌ಬಿಸಿ ಕೋಡೆಕ್ ಸಾಮಾನ್ಯವಾಗಿ ಅತಿ ಹೆಚ್ಚೆಂದರೆ 328. ಸೋನಿಯವರ ಎಲ್‌ಡ್ಯಾಕ್ 330, 660, 990 ಎಂಬ ಮೂರು ಹಂತಗಳಲ್ಲಿ ಕಳಿಸುತ್ತದೆ. 2017ರ ಆಂಡ್ರಾಯ್ಡ್ 8ರಿಂದ ಅದು ಆಂಡ್ರಾಯ್ಡ್‌ನಲ್ಲೇ ಬರುತ್ತಿದೆ, ಐಫೋನ್‌ನಲ್ಲಿ ಇಲ್ಲ. ಅಲ್ಲಿ ಎಎಸಿ ಮತ್ತು ಎಸ್‌ಬಿಸಿ ಮಾತ್ರ. ಧ್ವನಿಯ ಗುಣ ಮುಖ್ಯವೆಂದಾದರೆ 990ರಲ್ಲಿ ಓಡುವ ಹೆಡ್‌ಫೋನನ್ನೇ ಆರಿಸಿಕೊಳ್ಳಿ ಅಕ್ಕ.

ಸೋಮವಾರಪೇಟೆ_ವೀಣೆ:

ನಾನು ಒಪ್ಪುವುದಿಲ್ಲ. ಅವರು ಕೇಳುವುದು ಹಳೆಯ ಕ್ಯಾಸೆಟ್‌ಗಳಿಂದ ಇಳಿಸಿಕೊಂಡ ಮುದ್ರಣಗಳು ಎಂದು ನಾನು ತಿಳಿಯುತ್ತೇನೆ. ಸಾಮಾನ್ಯ ಕ್ಯಾಸೆಟ್ಟಿನಲ್ಲಿ 15 ಕಿಲೋಹರ್ಟ್ಜ್‌ಗಿಂತ ಮೇಲೆ ಹೇಳಿಕೊಳ್ಳುವಂಥದ್ದೇನೂ ಉಳಿದಿರುವುದಿಲ್ಲ. ಅಂಥ ಮುದ್ರಣವನ್ನು 990ರಲ್ಲಿ ಕಳಿಸಿದರೆ ಕ್ಯಾಸೆಟ್ಟಿನ ‘ಸ್ಸ್’ ಎಂಬ ಸದ್ದು ಅಚ್ಚುಕಟ್ಟಾಗಿ ತಲುಪುತ್ತದೆ, ಅಷ್ಟೆ. ಸರಿಯಾಗಿ ಮಾಡಿದ ಎಎಸಿಗೂ ಎಲ್‌ಡ್ಯಾಕ್‌ಗೂ ಇರುವ ವ್ಯತ್ಯಾಸ ಒಂದು ಪಾಲಾದರೆ, ಒಂದು ಹೆಡ್‌ಫೋನಿಗೂ ಇನ್ನೊಂದಕ್ಕೂ ಸ್ವರಗಳ ಸಮತೋಲದಲ್ಲಿ ಇರುವ ವ್ಯತ್ಯಾಸ ನೂರು ಪಾಲು. ಡಬ್ಬದ ಮೇಲೆ ಮುದ್ರಿಸಲು ಅಂಕಿ ಬೇಕು, ಅದಕ್ಕೇ ಕೋಡೆಕ್‌ಗೆ ಇಷ್ಟು ಪ್ರಚಾರ.

ಬೆಲೆಯ ವಿಷಯದಲ್ಲೂ ಹೀಗೆಯೇ. ಜೆರೋನ್ ಬ್ರೀಬಾರ್ಟ್ ಎಂಬ ಸಂಶೋಧಕರು 283 ಹೆಡ್‌ಫೋನ್‌ಗಳನ್ನು ಅಳೆದು 2017ರಲ್ಲಿ ಪ್ರಕಟಿಸಿದ ಪ್ರಬಂಧದ ತಿರುಳೇ ಇದು: ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಎಂಬುದಕ್ಕೂ ಹೆಡ್‌ಫೋನಿನ ಬೆಲೆಗೂ ಸಂಬಂಧವಿಲ್ಲ. ಹೆಚ್ಚು ಕೊಟ್ಟರೆ ಸದ್ದು ಹೆಚ್ಚು ಅಡಗಬಹುದು, ಮೆತ್ತಗಿನ ಕುಶನ್ ಸಿಗಬಹುದು. ದನಿ ಸಹಜವಾಗಿರುತ್ತದೆ ಎಂಬ ಖಾತರಿ ಇಲ್ಲ.

ಪರೀಕ್ಷೆಗೆ ನಿಮ್ಮ ಕಿವಿಗೆ ಚೆನ್ನಾಗಿ ಪರಿಚಯವಿರುವ ವಾದ್ಯ ಬೇಕು. ಅಂಗಡಿಯವರು ಹಾಕುವ ಹಾಡು ಆ ಹೆಡ್‌ಫೋನಿಗೆಂದೇ ಆರಿಸಿದ್ದು, ಅದನ್ನು ಕೇಳಬೇಡಿ. ತಂಬೂರಿಯ ಶ್ರುತಿ ಹಾಕಿ. ಒಂದು ತಂತಿ ಮೀಟಿದಾಗ ಮೂಲಸ್ವರದ ಮೇಲೆ ಒಂದರ ಹಿಂದೊಂದು ಉಪಸ್ವರಗಳು ಅರಳುತ್ತವೆ. ನಡುವೆ ಎಲ್ಲಾದರೂ ಒಂದು ಸ್ವರ ಏಕಾಏಕಿ ಎದ್ದು ಕೂಗಿದರೆ ಅಲ್ಲಿ ಹೆಡ್‌ಫೋನಿಗೆ ಉಬ್ಬು ಇದೆ ಎಂದರ್ಥ, ಮಾಯವಾದರೆ ತಗ್ಗು. ಮೃದಂಗದಲ್ಲಿ ಎಡಗಡೆಯ ತೊಪ್ಪಿಯ ಗುಂಕಾರ ಬಲಂತಲೆಯ ನಾದವನ್ನು ಮುಚ್ಚಬಾರದು. ನಿಮಗಂತೂ ದುಡಿಯೇ ಇದೆ. ಅದರ ಪೆಟ್ಟು ಚುರುಕಾಗಿ ಹುಟ್ಟಿ ಚುರುಕಾಗಿ ನಿಲ್ಲಬೇಕು. ದೊಡ್ಡ ಚೆಂಡೆಯಂತೆ ದಮ್ಮೆಂದು ಎಳೆದುಕೊಂಡರೆ ಆ ಹೆಡ್‌ಫೋನ್ ನಿಮಗೆ ಬೇಡ. ಆಮೇಲೆ ಕೊಂಬು ಮತ್ತು ವಾಲಗ. ಹತ್ತಿರ ನಿಂತು ಕೇಳಿದಾಗ ಅವು ತೀಕ್ಷ್ಣವೇ ಹೌದು, ಆದರೆ ಕಿವಿ ಚುಚ್ಚುವುದು ಬೇರೆ. ನಮ್ಮ ಊರಿನ ಮದುವೆಗಳಲ್ಲಿ ಕೇಳಿ ಬೆಳೆದವರಿಗೆ ಈ ಭೇದ ಯಾರೂ ಹೇಳಿಕೊಡಬೇಕಿಲ್ಲ.

ಸಿದ್ದಾಪುರ_ಬೆಂಗಳೂರಲ್ಲಿ:

ಮುದ್ರಣದ ಮೂಲ ಕ್ಯಾಸೆಟ್ ಆಗಿದ್ದರೆ ನೀವು ಹೇಳಿದ್ದು ಸರಿ ಮೇಡಂ. ಹೊಸ, ಒಳ್ಳೆಯ ಮುದ್ರಣಗಳಲ್ಲಿ ತಂಬೂರಿಯಂಥ ನಾದಕ್ಕೆ ನನಗೆ ವ್ಯತ್ಯಾಸ ಕೇಳಿಸುತ್ತದೆ, ಆ ಮಾತನ್ನು ನಾನು ಬಿಡುವುದಿಲ್ಲ. ಜನ ತುಂಬಿದ ಬಸ್ ನಿಲ್ದಾಣದಲ್ಲಿ ಎಲ್‌ಡ್ಯಾಕ್ ತಾನಾಗಿಯೇ ಕೆಳಗಿನ ಹಂತಕ್ಕೆ ಇಳಿಯುವುದೂ ನಿಜ.

ಆದರೆ ಅಕ್ಕ, ನಿಮ್ಮ ಬರೆದುಕೊಳ್ಳುವ ಕೆಲಸಕ್ಕೆ ಸಂಬಂಧಿಸಿದ ಎರಡು ಮಾತು ಹೇಳಲೇಬೇಕು. ಲ್ಯಾಪ್‌ಟಾಪಿನಲ್ಲಿ ಮೀಟಿಂಗ್ ತಂತ್ರಾಂಶ ತೆರೆದಿದ್ದು ಅದು ಹೆಡ್‌ಫೋನಿನ ಮೈಕನ್ನು ಹಿಡಿದುಕೊಂಡಿದ್ದರೆ, ಬ್ಲೂಟೂತ್ ಕರೆಯ ವಿಧಾನಕ್ಕೆ ಜಾರುತ್ತದೆ. ಆಗ ಹೆಚ್ಚಿನ ಸಾಧನಗಳಲ್ಲಿ 8 ಕಿಲೋಹರ್ಟ್ಜ್‌ಗಿಂತ ಮೇಲಿನದೇನೂ ಬರುವುದಿಲ್ಲ, ಕೆಲವು ಹಳೆಯವುಗಳಲ್ಲಿ 4ರ ಮೇಲೆಯೇ ಇಲ್ಲ. ‘ಸ’ ಕಾರದ ಸೀಟಿಯಂಥ ಭಾಗ ಇರುವುದೇ 5ರಿಂದ 8 ಕಿಲೋಹರ್ಟ್ಜ್ ಆಸುಪಾಸಿನಲ್ಲಿ, ‘ಶ’ ಕಾರದ್ದು ಅದಕ್ಕಿಂತ ಕೆಳಗೆ. 4ರ ಮೇಲೆ ಏನೂ ಬಾರದಿದ್ದರೆ ನೀವು ಬೇರ್ಪಡಿಸಬೇಕಾದ ಎರಡು ಅಕ್ಷರಗಳೂ ಹೆಚ್ಚುಕಡಿಮೆ ಒಂದೇ ಆಗಿಬಿಡುತ್ತವೆ. ಮೈಕ್ ಆಗಿ ಲ್ಯಾಪ್‌ಟಾಪಿನದನ್ನೇ ಆರಿಸಿಡಿ.

ಇನ್ನೊಂದು, ನಿಲ್ಲಿಸಿ ಮತ್ತೆ ಓಡಿಸುವಾಗ ಕೆಲವು ವೈರ್‌ಲೆಸ್ ಹೆಡ್‌ಫೋನ್‌ಗಳು ಮೊದಲ ಕ್ಷಣವನ್ನು ನುಂಗುತ್ತವೆ. ಸಾಲಿನ ಮೊದಲ ಅಕ್ಷರವೇ ಹೋಗುತ್ತದೆ. ನಿಮ್ಮ ಕೆಲಸ ಪೂರ್ತಿ ನಿಲ್ಲಿಸು, ಓಡಿಸು ಎಂಬುದೇ ಅಲ್ಲವೇ? ವೈರ್ ಚುಚ್ಚಲು ಜಾಗ ಇರುವುದನ್ನೇ ಕೊಳ್ಳಿ. ವೈರ್ ಹಾಕಿದಾಗಲೂ ಪವರ್ ಮತ್ತು ನಾಯ್ಸ್ ಕ್ಯಾನ್ಸಲಿಂಗ್ ನಡೆಯುತ್ತದೆಯೇ ಎಂದು ನೋಡಿಕೊಳ್ಳಿ.

ಪಾಲಿಬೆಟ್ಟ_ತೋಟ:

ಧ್ವನಿಯ ವಿಷಯದಲ್ಲಿ ನನಗೆ ಹೇಳಲು ಹೆಚ್ಚಿಲ್ಲ. ಆದರೆ ಇದನ್ನು ಓದುವ ನಮ್ಮ ಕಡೆಯ ಹುಡುಗರಿಗೆ ಒಂದು ಮಾತು, ಗಟ್ಟಿಯಾಗಿ ಹೇಳುತ್ತೇನೆ. ತೋಟದೊಳಗೆ ಇದನ್ನು ಹಾಕಿಕೊಂಡು ಓಡಾಡಬೇಡಿ. ಪಾಲಿಬೆಟ್ಟ, ಸಿದ್ದಾಪುರ, ತಿತಿಮತಿ ಕಡೆ ಆನೆ ತೋಟಕ್ಕೆ ಇಳಿಯುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಆನೆ ಹತ್ತಿರವಿದೆ ಎಂದು ನಮಗೆ ತಿಳಿಯುವುದೇ ಕೊಂಬೆ ಮುರಿಯುವ ಸದ್ದಿನಿಂದ, ಎಲೆ ಸರಸರ ಎನ್ನುವುದರಿಂದ, ಆಚೆ ಸಾಲಿನವರು ಕೂಗುವುದರಿಂದ. ಕಾಫಿ ಗಿಡಗಳ ನಡುವೆ ಹತ್ತು ಹೆಜ್ಜೆ ದೂರದಲ್ಲಿ ನಿಂತ ಆನೆ ಕಣ್ಣಿಗೆ ಕಾಣುವುದಿಲ್ಲ. ‘ಹೊರಗಿನ ಸದ್ದು ಕೇಳಿಸುವ ಮೋಡ್ ಇದೆಯಲ್ಲ’ ಎಂದು ನನ್ನ ಅಣ್ಣನ ಮಗ ವಾದಿಸುತ್ತಾನೆ. ಆ ಮೈಕಿನಿಂದ ಸದ್ದು ಯಾವ ದಿಕ್ಕಿನಿಂದ, ಎಷ್ಟು ದೂರದಿಂದ ಬಂತು ಎಂಬುದು ಬರಿಗಿವಿಯಷ್ಟು ತಿಳಿಯುವುದಿಲ್ಲ. ಜೀವ ಉಳಿಸುವುದು ಆ ದಿಕ್ಕಿನ ಅರಿವೇ. ಬೈಕ್ ಓಡಿಸುವಾಗಲೂ ಬೇಡವೇ ಬೇಡ.

ಕಳೆ ಹೊಡೆಯುವ ಮೆಷಿನ್ ಹಿಡಿದವರು ಕಿವಿ ಕಾಪಾಡಲು ಇದನ್ನು ಹಾಕುವುದನ್ನೂ ನೋಡಿದ್ದೇನೆ. ಅದಕ್ಕೆಂದೇ ಮಾಡಿದ, ಎಷ್ಟು ಡೆಸಿಬಲ್ ತಡೆಯುತ್ತದೆ ಎಂದು ಬರೆದಿರುವ ಇಯರ್ ಮಫ್ ಸಿಗುತ್ತದೆ. ಅದನ್ನೇ ತರಿಸಿಕೊಡಿ.

ಗೋಣಿಕೊಪ್ಪ_ಸೌಂಡ್:

ಅಣ್ಣ, ಈ ಮಾತನ್ನು ಎತ್ತಿದ್ದಕ್ಕೆ ಧನ್ಯವಾದ. ಕಿವಿಯ ವಿಷಯಕ್ಕೆ ಇನ್ನೊಂದು ಸೇರಿಸುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವ ಮಿತಿ 80 ಡೆಸಿಬಲ್, ವಾರಕ್ಕೆ 40 ಗಂಟೆ. ಮೂರು ಡೆಸಿಬಲ್ ಏರಿದಂತೆಲ್ಲ ಆ ಸಮಯ ಅರ್ಧವಾಗುತ್ತದೆ. ಬಸ್ಸಿನ ಮೊರೆತದ ಮೇಲೆ ಹಾಡು ಕೇಳಿಸಬೇಕೆಂದು ಸಾಮಾನ್ಯ ಇಯರ್‌ಫೋನಿನಲ್ಲಿ ವಾಲ್ಯೂಮ್ ಏರಿಸುವವರು ಈ ಮಿತಿಯನ್ನು ಸುಲಭವಾಗಿ ದಾಟುತ್ತಾರೆ. ಸದ್ದಡಗಿಸುವ ಹೆಡ್‌ಫೋನಿನ ನಿಜವಾದ ಉಪಕಾರ ನನ್ನ ದೃಷ್ಟಿಯಲ್ಲಿ ಇದೇ, ಕಡಿಮೆ ವಾಲ್ಯೂಮಿನಲ್ಲಿ ವಿವರ ಕೇಳಿಸುತ್ತದೆ. ಕೆಳಸ್ವರದ ಗದ್ದಲ ತನಗಿಂತ ಮೇಲಿನ ಸ್ವರಗಳನ್ನು ಮುಚ್ಚಿಹಾಕುವ ಸ್ವಭಾವದ್ದು. ಆ ಗದ್ದಲ ಹೋದಾಗ ವ್ಯಂಜನಗಳು ತಾವಾಗಿಯೇ ಎದ್ದು ಬರುತ್ತವೆ. ಆದರೆ ಅದೇ ಹೆಡ್‌ಫೋನ್ ಬಾಸನ್ನು ಅತಿಯಾಗಿ ಉಬ್ಬಿಸಿದರೆ ಎಂಜಿನ್ ಮಾಡುತ್ತಿದ್ದ ಕೆಲಸವನ್ನೇ ಅದು ಮಾಡುತ್ತದೆ. ದುಡಿಯ ಪೆಟ್ಟಿನ ಕೆಳಗೆ ಮಾತು ಮುಳುಗುತ್ತದೆ. ಮೌನ ಸಿಕ್ಕಿದ ಸಂತೋಷದಲ್ಲಿ ಇದನ್ನು ಗಮನಿಸದೆ ‘ಎಷ್ಟು ಸ್ಪಷ್ಟ!’ ಎಂದು ಹೇಳುವವರೇ ಹೆಚ್ಚು.

ಮಡಿಕೇರಿಮಳೆ:

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಮೈಸೂರಿನ ಅಂಗಡಿಯೊಂದಕ್ಕೆ ಹೋಗಿ, ನನ್ನದೇ ಮುದ್ರಣಗಳನ್ನು ಫೋನಿನಲ್ಲಿ ಒಯ್ದು, ನೀವು ಹೇಳಿದಂತೆಯೇ ಕೇಳಿ ಬಂದೆ. ಅಂಗಡಿಯವರು ತಾಳ್ಮೆಯಿಂದ ಪ್ಲಾಸ್ಟಿಕ್ ಚೀಲವನ್ನೂ ಮುದುಡಿದರು.

ಮಾದರಿಗಳ ಹೆಸರು ಹೇಳುವುದಿಲ್ಲ, ಕಂಡದ್ದನ್ನು ಹೇಳುತ್ತೇನೆ. ಸದ್ದು ಅತಿ ಹೆಚ್ಚು ಅಡಗಿಸಿದ ಹೆಡ್‌ಫೋನಿನಲ್ಲಿ ಎರಡನೆಯ ಜೋಡಿ ಹಾಡುಗಾರರು ಗೋಡೆಯ ಆಚೆ ನಿಂತಂತೆ ಕೇಳಿಸಿತು. ಅದಕ್ಕಿಂತ ಒಂದು ಮಟ್ಟ ಕಡಿಮೆ ಅಡಗಿಸುವ ಇನ್ನೊಂದರಲ್ಲಿ ನಾಲ್ವರ ಬಾಯಿಯೂ ಬೇರೆ ಬೇರೆಯಾಗಿ ನಿಂತಿತು. ಬಟನ್ ಒತ್ತಿ ಬಿಟ್ಟಾಗ ಮೊದಲನೆಯದರಲ್ಲಿ ದುಡಿಯ ದನಿಯೇ ಬದಲಾಗುತ್ತಿತ್ತು, ಎರಡನೆಯದರಲ್ಲಿ ಬದಲಾವಣೆ ಬಹಳ ಸಣ್ಣದು. ಕೋಡೆಕ್ ಬದಲಿಸಿಯೂ ಕೇಳಿದೆ. ನನ್ನ ಕ್ಯಾಸೆಟ್ ಮುದ್ರಣಗಳಲ್ಲಿ ಏನೂ ಭೇದ ತಿಳಿಯಲಿಲ್ಲ. ಎರಡನೆಯದನ್ನೇ ತಂದಿದ್ದೇನೆ, ಹೇಳಿದ ಮಿತಿಗಿಂತ ಕಡಿಮೆ ಬೆಲೆಗೆ ಸಿಕ್ಕಿತು.

ಈಗ ಎರಡು ಪ್ರಶ್ನೆ. ರಾತ್ರಿ ಮಳೆ ನಿಂತು ಎಲ್ಲ ನಿಶ್ಶಬ್ದವಾದಾಗ ಹಾಡು ನಿಲ್ಲಿಸಿದರೂ ಸಣ್ಣಗೆ ‘ಸ್ಸ್’ ಎಂದು ಕೇಳಿಸುತ್ತದೆ. ಇನ್ನೊಂದು, ವಾಲಗದ ಮುದ್ರಣಗಳಲ್ಲಿ ದನಿ ಸ್ವಲ್ಪ ಚುಚ್ಚುತ್ತದೆ.

ಕುಶಾಲನಗರ_ಲೆಕ್ಚರರ್:

ಆ ‘ಸ್ಸ್’ ಮೈಕ್‌ಗಳ ಮತ್ತು ಸರ್ಕ್ಯೂಟಿನ ಸ್ವಂತ ಸದ್ದು. ಈ ಬಗೆಯ ಎಲ್ಲ ಹೆಡ್‌ಫೋನ್‌ಗಳಲ್ಲೂ ಅಷ್ಟಿಷ್ಟು ಇರುತ್ತದೆ. ನಗರದ ಮನೆಯಲ್ಲಿ ಫ್ಯಾನ್, ವಾಹನಗಳ ನಡುವೆ ಅದು ಗೊತ್ತಾಗುವುದೇ ಇಲ್ಲ. ನಮ್ಮ ರಾತ್ರಿಗಳು ಅಷ್ಟು ನಿಶ್ಶಬ್ದ. ಮಳೆಯಿಲ್ಲದಾಗ ನಾಯ್ಸ್ ಕ್ಯಾನ್ಸಲಿಂಗ್ ಆರಿಸಿ ಕೇಳಿ.

ಗೋಣಿಕೊಪ್ಪ_ಸೌಂಡ್:

ವಾಲಗಕ್ಕೆ ಹೆಡ್‌ಫೋನಿನ ಆ್ಯಪಿನಲ್ಲಿ ಸ್ವರಗಳ ಮಟ್ಟ ಏರಿಳಿಸುವ ಈಕ್ವಲೈಜರಿನಲ್ಲಿ 3 ಕಿಲೋಹರ್ಟ್ಜ್ ಆಸುಪಾಸು ಎರಡು ಡೆಸಿಬಲ್ ಇಳಿಸಿ ನೋಡಿ ಮೇಡಂ.

ಸೋಮವಾರಪೇಟೆ_ವೀಣೆ:

ವಾಲಗ ಕೇಳಿ ಆನಂದಿಸುವಾಗ ಇಳಿಸಲಿ, ಸಾಹಿತ್ಯ ಬರೆದುಕೊಳ್ಳುವಾಗ ಬೇಡ. ವ್ಯಂಜನಗಳ ಜೀವ ಇರುವುದೂ ಅಲ್ಲೇ. ಎರಡು ಬೇರೆ ಸೆಟ್ಟಿಂಗ್ ಉಳಿಸಿಕೊಂಡರೆ ಸಾಕು.

ಪಾಲಿಬೆಟ್ಟ_ತೋಟ:

ಮಳೆಗಾಲದಲ್ಲಿ ಕುಶನ್ನಿಗೆ ಬೂಷ್ಟು ಹಿಡಿಯುವುದಿಲ್ಲವೇ? ನನ್ನ ಅಣ್ಣನ ಮಗನದು ಸಿಪ್ಪೆಯೆದ್ದು ಉದುರುತ್ತಿದೆ.

ಮಡಿಕೇರಿಮಳೆ:

ಹಿಡಿಯುತ್ತದೆ ಅಣ್ಣ. ಕೃತಕ ಚರ್ಮಕ್ಕೆ ನಮ್ಮ ತೇವ ಆಗಿಬರುವುದಿಲ್ಲ. ಕುಶನ್ ಸವೆದರೆ ಸಂದು ಬಿಟ್ಟು ಬಾಸೂ ಹೋಗುತ್ತದೆ, ಸದ್ದು ತಡೆಯುವ ಶಕ್ತಿಯೂ ಕುಗ್ಗುತ್ತದೆ. ಬಳಸಿದ ಮೇಲೆ ಒಣಬಟ್ಟೆಯಲ್ಲಿ ಒರೆಸಿ, ಸಿಲಿಕಾ ಜೆಲ್ ಪೊಟ್ಟಣ ಹಾಕಿದ ಗಾಳಿಯಾಡದ ಡಬ್ಬದಲ್ಲಿ ಇಡುತ್ತಿದ್ದೇನೆ. ಆ ಪೊಟ್ಟಣವನ್ನೂ ಆಗಾಗ ಬದಲಿಸಬೇಕು. ಬಿಡಿ ಕುಶನ್ ಸಿಗುತ್ತದೆಯೇ, ಮನೆಯಲ್ಲೇ ಕಳಚಿ ಹಾಕಬಹುದೇ ಎಂದು ಅಂಗಡಿಯಲ್ಲಿ ಮೊದಲೇ ಕೇಳಿಕೊಂಡಿದ್ದೆ. ಈ ಮಾದರಿಗೆ ಸಿಗುತ್ತದೆ. ನಿಮ್ಮ ಅಣ್ಣನ ಮಗನ ಹೆಡ್‌ಫೋನಿನ ಮಾದರಿ ಸಂಖ್ಯೆ ಕಪ್ಪಿನ ಒಳಗಡೆಯೋ ಪಟ್ಟಿಯ ಒಳಮೈಯಲ್ಲೋ ಇರುತ್ತದೆ. ಅದನ್ನು ಇಲ್ಲಿ ಹಾಕಿ, ಮುಂದಿನ ಸಲ ಮೈಸೂರಿಗೆ ಹೋದಾಗ ವಿಚಾರಿಸಿ ತರುತ್ತೇನೆ.